ಮಂಡಕ್ಕಿ ತಿನ್ನುತ್ತಾ ಮೆಡೂಸಾಳನ್ನು ನೋಡಿದ್ದು

ನಮ್ಮ ಮನೆಯಲ್ಲಿ ಶನಿವಾರ ರಾತ್ರಿಯ ಸಿನಿಮಾ ವಿಷಯದಲ್ಲಿ ಒಂದು ಒಪ್ಪಂದ ಇದೆ. ಒಂದು ವಾರ ಅವಳ ಆಯ್ಕೆ, ಮುಂದಿನ ವಾರ ನನ್ನದು. ಅವಳ ವಾರದಲ್ಲಿ ನಾನು ತೂಕಡಿಸುವಂತಿಲ್ಲ, ನನ್ನ ವಾರದಲ್ಲಿ ಅವಳು ಫೋನು ಮುಟ್ಟುವಂತಿಲ್ಲ. (ಎರಡನೇ ಷರತ್ತು ಎಷ್ಟರಮಟ್ಟಿಗೆ ಪಾಲನೆಯಾಗುತ್ತದೆ ಅಂತ ದಯವಿಟ್ಟು ಕೇಳಬೇಡಿ.) ಮಂಡಕ್ಕಿಗೆ ಈರುಳ್ಳಿ ಹೆಚ್ಚುವುದು ಮಾತ್ರ ಎರಡೂ ವಾರ ನನ್ನದೇ ಕೆಲಸ.

ಹೋದ ಶನಿವಾರ ನನ್ನ ಸರದಿ. ಹುಡುಕಿ ಹುಡುಕಿ 'ಕ್ಲ್ಯಾಶ್ ಆಫ್ ದ ಟೈಟನ್ಸ್' ಹಾಕಿದೆ. 2010ರ ಏಪ್ರಿಲಿನಲ್ಲಿ ಬಂದದ್ದು, ಲೂಯಿ ಲೆಟೆರಿಯೇ ನಿರ್ದೇಶನ. ನಿಜ ಹೇಳಬೇಕೆಂದರೆ ನನ್ನ ಪ್ರೀತಿಯೆಲ್ಲ ಇದೇ ಹೆಸರಿನ 1981ರ ಹಳೇ ಚಿತ್ರದ ಮೇಲೆ. ಹಾಸ್ಟೆಲಿನಲ್ಲಿದ್ದಾಗ ಎಲ್ಲರೂ ಐದೈದು ರೂಪಾಯಿ ಹಾಕಿ ಬಾಡಿಗೆ ವೀಸೀಪಿ ತಂದು ನೋಡಿದ್ದೆವು. ಅದರ ರಾಕ್ಷಸರನ್ನೆಲ್ಲ ಮಾಡಿದವನು ರೇ ಹ್ಯಾರಿಹೌಸನ್. ಕಂಪ್ಯೂಟರು ಗಿಂಪ್ಯೂಟರು ಏನೂ ಇಲ್ಲ. ಚಿಕ್ಕ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ಅವನ ಕೊನೆಯ ದೊಡ್ಡ ಚಿತ್ರ ಅದು. ಜ್ಯೂಸ್ ಪಾತ್ರದಲ್ಲಿ ಸಾಕ್ಷಾತ್ ಲಾರೆನ್ಸ್ ಒಲಿವಿಯೇ! ಆ ಚಿತ್ರ ಸಿಗಲಿಲ್ಲ, ಹೊಸದು ಸಿಕ್ಕಿತು. ಇರಲಿ ಅಂತ ಹಾಕಿದೆ.

"ಜ್ಯೂಸಾ? ಯಾವ ಹಣ್ಣಿಂದು?" ಅಂತ ಶುರುವಾಯ್ತು ನಮ್ಮಾಕೆಯದು. ನಾನು ದೊಡ್ಡ ಪಂಡಿತನ ಹಾಗೆ ಗಂಟಲು ಸರಿಮಾಡಿಕೊಂಡು, ಅವನು ಅವರ ಇಂದ್ರ ಇದ್ದ ಹಾಗೆ, ಸಿಡಿಲು ಅವನ ಆಯುಧ, ವಾಸ ಒಲಿಂಪಸ್ ಬೆಟ್ಟ ಅಂತೆಲ್ಲ ಹೇಳಿದೆ. ಪರದೆ ಮೇಲೆ ಲಿಯಾಂ ನೀಸನ್ ಥಳಥಳ ಹೊಳೆಯುವ ಕವಚ ಹಾಕಿಕೊಂಡು ಬಂದ. "ಇಂದ್ರ ಅಲ್ಲ, ಸ್ಟೀಲ್ ಪಾತ್ರೆ ಅಂಗಡಿ" ಅಂದಳು. ಆಮೇಲೆ ಅವನು ಬಂದಾಗಲೆಲ್ಲ ನನಗೆ ಅದೇ ಕಾಣಿಸಿದ್ದು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಆರ್ಗಾಸ್ ಎಂಬ ಊರಿನ ರಾಜ ಅಕ್ರಿಸಿಯಸ್ ದೇವರುಗಳ ವಿರುದ್ಧ ತಿರುಗಿ ಬೀಳುತ್ತಾನೆ. ಅವನಿಗೆ ಬುದ್ಧಿ ಕಲಿಸಲು ಜ್ಯೂಸ್ ಏನು ಮಾಡುತ್ತಾನೆ ಗೊತ್ತೇ? ಅಕ್ರಿಸಿಯಸ್‌ನದೇ ವೇಷ ಹಾಕಿಕೊಂಡು ಅವನ ಹೆಂಡತಿ ಡಾನಯೆಯ ಹತ್ತಿರ ಹೋಗುತ್ತಾನೆ. ಹುಟ್ಟಿದ ಮಗುವನ್ನೂ ಅವಳನ್ನೂ ರಾಜ ಹೆಣದ ಪೆಟ್ಟಿಗೆಯಲ್ಲಿ ಹಾಕಿಸಿ ಸಮುದ್ರಕ್ಕೆ ತಳ್ಳುತ್ತಾನೆ. ಬೆಸ್ತನೊಬ್ಬನಿಗೆ ಪೆಟ್ಟಿಗೆ ಸಿಗುತ್ತದೆ. ತಾಯಿ ಸತ್ತಿದ್ದಾಳೆ, ಮಗು ಬದುಕಿದೆ. ಅದೇ ನಮ್ಮ ಹೀರೋ ಪರ್ಸಿಯಸ್.

"ಅರೇ, ಇದು ಅಹಲ್ಯೆ ಕಥೆ!" ಅಂದಳು. ಪೆಟ್ಟಿಗೆ ತೇಲಿ ಬಂದಾಗ "ಈಗ ಕರ್ಣ" ಅಂದಳು. ಮಂಡಕ್ಕಿಯ ತಟ್ಟೆ ಅರ್ಧ ಖಾಲಿಯಾಗುವಷ್ಟರಲ್ಲಿ ಅವಳು ಎರಡು ಪುರಾಣ ಗುರುತಿಸಿಯಾಗಿತ್ತು, ನಾನು ಎರಡು ಸಲ ತಿದ್ದಿಯಾಗಿತ್ತು. ಮೂಲದಲ್ಲಿ ಅಕ್ರಿಸಿಯಸ್ ಡಾನಯೆಯ ಗಂಡನಲ್ಲ, ಅಪ್ಪ. ಮೊಮ್ಮಗನಿಂದ ಸಾವು ಅಂತ ಭವಿಷ್ಯ ಕೇಳಿದ ಮೇಲೆ ಕಂಸನ ಹಾಗೆ ಹೆದರಿ ಮಗಳನ್ನು ಕೂಡಿಹಾಕಿದವನು. ಜ್ಯೂಸ್ ಅಲ್ಲಿಗೆ ಹೋದದ್ದು ಚಿನ್ನದ ಮಳೆಯಾಗಿ. ಗಂಡನ ವೇಷ ಹಾಕಿಕೊಂಡು ಹೋದದ್ದು ಬೇರೆ ಕಥೆ; ಆಲ್ಕ್‌ಮೀನಿ ಎಂಬವಳ ಹತ್ತಿರ, ಹೆರಾಕ್ಲಿಸ್ ಹುಟ್ಟಿದ್ದು ಹಾಗೆ. ಸಿನಿಮಾದವರು ಎರಡನ್ನೂ ಕಲಸಿ ಚಿತ್ರಾನ್ನ ಮಾಡಿದ್ದಾರೆ.

ಮಾಡಲಿ ಬಿಡಿ. ಪುರಾಣ ಅಂದರೆ ಕಲಸುವುದಕ್ಕೇ ಇರುವುದು. ಒಂದೊಂದು ಊರಲ್ಲಿ ಒಂದೊಂದು ಪಾಠ. ವಾಲ್ಮೀಕಿಯ ಬಾಲಕಾಂಡದಲ್ಲಿ ಅಹಲ್ಯೆ ಕಲ್ಲಾಗುವುದಿಲ್ಲ, ಬೂದಿಯಲ್ಲಿ ಮಲಗಿ ಗಾಳಿ ಕುಡಿದು ಯಾರ ಕಣ್ಣಿಗೂ ಬೀಳದೆ ಇರು ಅಂತ ಶಾಪ. ಕಲ್ಲು ಬಂದದ್ದು ಆಮೇಲಿನವರ ಕಥೆಗಳಲ್ಲಿ. ನಾವೇನು ಅದಕ್ಕೆ ತಕರಾರು ಮಾಡುತ್ತೇವೆಯೇ? ಆದ್ದರಿಂದ "ಮೂಲಕ್ಕೆ ನಿಷ್ಠವಾಗಿಲ್ಲ" ಅಂತ ಬೈಯುವ ಬಳಗಕ್ಕೆ ನಾನು ಸೇರಿದವನಲ್ಲ. ಒಂದು ವಿಷಯಕ್ಕೆ ಮಾತ್ರ ನಗದೇ ಇರಲಾಗಲಿಲ್ಲ. ಚಿತ್ರದಲ್ಲಿ ನಾಯಕನಿಗೆ ಜೋಡಿಯಾಗುವವಳು ಅಯೋ. (ಅಯ್ಯೋ ಅಲ್ಲ, ಅಯೋ.) ಗ್ರೀಕರ ವಂಶಾವಳಿ ತೆಗೆದು ನೋಡಿದರೆ ಈಕೆ ಪರ್ಸಿಯಸ್‌ನ ಅಜ್ಜಿಯ ಅಜ್ಜಿಗಿಂತ ಹಿಂದಿನವಳು! ಜ್ಯೂಸ್ ಕಣ್ಣು ಹಾಕಿದ ಮೇಲೆ ಹಸುವಾಗಿ ದೇಶದೇಶ ಅಲೆದವಳು. ಇದನ್ನು ಹೇಳಿದಾಗ ನಮ್ಮಾಕೆ ಬಾಯಲ್ಲಿದ್ದ ಮಂಡಕ್ಕಿಯೆಲ್ಲ ಸೋಫಾ ಮೇಲೆ ಬೀಳುವ ಹಾಗೆ ನಕ್ಕಳು.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ರಾಜಕುಮಾರಿ ಆಂಡ್ರೊಮಿಡಾಳನ್ನು ಬಲಿ ಕೊಡಬೇಕು, ಇಲ್ಲವೇ ಕ್ರಾಕೆನ್ ಎಂಬ ಕಡಲ ಭೂತ ಬಂದು ಊರನ್ನೇ ನುಂಗುತ್ತದೆ. (ಕ್ರಾಕೆನ್ ಗ್ರೀಸಿನದಲ್ಲ, ನಾರ್ವೆ ಕಡೆಯ ನಾವಿಕರ ಕಥೆಗಳದ್ದು. 1981ರ ಚಿತ್ರದವರೇ ಅದನ್ನು ಮೆಡಿಟರೇನಿಯನ್ನಿಗೆ ತಂದು ಬಿಟ್ಟರು.) ಅದನ್ನು ಕೊಲ್ಲಬೇಕಾದರೆ ಮೆಡೂಸಾಳ ತಲೆ ಬೇಕು. ತಲೆಗೂದಲೆಲ್ಲ ಹಾವು, ಅವಳ ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲು. ಸರಿ, ಹೊರಟರು. ಅವಳಿರುವ ಜಾಗ ಹತ್ತಿರ ಬರುತ್ತಿದ್ದಂತೆ ಅಯೋ ಅವಳ ಪೂರ್ವಕಥೆ ಹೇಳುತ್ತಾಳೆ. ಮೆಡೂಸಾ ಒಂದು ಕಾಲಕ್ಕೆ ಚೆಲುವೆ. ಸಮುದ್ರದ ದೇವರು ಪೊಸೈಡನ್ ಅವಳ ಬೆನ್ನು ಹತ್ತಿದ. ಅವಳು ಅಥೀನಾ ದೇವಿಯ ಗುಡಿಗೆ ಓಡಿದಳು, ದೇವಿ ಕಾಪಾಡುತ್ತಾಳೆ ಅಂತ. ಕಾಪಾಡಲಿಲ್ಲ. ಆ ಗುಡಿಯ ನೆಲದ ಮೇಲೇ ಅವನು ಅವಳನ್ನು ಕೆಡಿಸಿದ. ದೇವಿಗೆ ಬಂದದ್ದು ಕರುಣೆಯಲ್ಲ, ಅಸಹ್ಯ. ಶಾಪ ಕೊಟ್ಟಿದ್ದು ಮೆಡೂಸಾಳಿಗೆ.

ಅಷ್ಟೇ. ಒಂದು ನಿಮಿಷವೂ ಇಲ್ಲ. ಅದಾದ ಮೇಲೆ ಕತ್ತಿ ಹಿರಿದು ಒಳಗೆ ಹೋಗುತ್ತಾರೆ.

"ಸ್ವಲ್ಪ ಹಿಂದಕ್ಕೆ ಹಾಕಿ" ಅಂದಳು. ಹಾಕಿದೆ. ಮತ್ತೆ ನೋಡಿದಳು. ಏನೂ ಅನ್ನಲಿಲ್ಲ. ನಾನು ಮುಂದಕ್ಕೆ ಬಿಟ್ಟೆ.

ಒಳಗಿನ ಯುದ್ಧ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಸೊಂಟದಿಂದ ಕೆಳಗೆ ಹೆಬ್ಬಾವು, ಕೈಯಲ್ಲಿ ಬಿಲ್ಲು. ಮುಖ ಮಾತ್ರ ರಷ್ಯಾದ ಮಾಡೆಲ್ ನತಾಲಿಯಾ ವೊದಿಯಾನೊವಾಳದ್ದು. ಸೈನಿಕರು ಒಬ್ಬೊಬ್ಬರಾಗಿ ಕಲ್ಲಾಗುತ್ತಾರೆ. ಕೊನೆಗೆ ಪರ್ಸಿಯಸ್ ಗುರಾಣಿಯಲ್ಲಿ ಪ್ರತಿಬಿಂಬ ನೋಡಿಕೊಂಡು ಕತ್ತು ಕಡಿಯುತ್ತಾನೆ. ಸಂಗೀತ ಢಂ ಅನ್ನುತ್ತದೆ. ಈ ಬಾಲ, ಈ ಬಿಲ್ಲು ಎರಡೂ ಹ್ಯಾರಿಹೌಸನ್ 1981ರಲ್ಲಿ ಕೊಟ್ಟದ್ದು. ಹಳೇ ಗ್ರೀಕ್ ಚಿತ್ರಗಳಲ್ಲಿ ಅವಳಿಗೆ ಕಾಲೂ ಇದೆ, ರೆಕ್ಕೆಯೂ ಇದೆ.

ಇನ್ನೊಂದು ಇದೆ. ಅವಳಿಗೆ ಹೇಳಬಾರದಿತ್ತೇನೋ, ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ... ಹೇಳಿಬಿಟ್ಟೆ. ಗ್ರೀಕ್ ಕಥೆಯಲ್ಲಿ ಈ ಯುದ್ಧವೇ ಇಲ್ಲ. ಮೆಡೂಸಾ ಮಲಗಿ ನಿದ್ದೆ ಮಾಡುತ್ತಿರುತ್ತಾಳೆ. ಪರ್ಸಿಯಸ್ ಸದ್ದಿಲ್ಲದೆ ಹೋಗಿ ಕತ್ತು ಕೊಯ್ಯುತ್ತಾನೆ. ಪೊಸೈಡನ್ ದೆಸೆಯಿಂದ ಅವಳು ಗರ್ಭಿಣಿ ಬೇರೆ. ಕೊಯ್ದ ಕತ್ತಿನಿಂದ ಹುಟ್ಟುವುದೇ ರೆಕ್ಕೆಯ ಕುದುರೆ ಪೆಗಸಸ್. ಚಿತ್ರದಲ್ಲಿ ನಾಯಕ ಅದೇ ಕುದುರೆ ಹತ್ತಿ ಅವಳ ತಲೆ ಹಿಡಿದುಕೊಂಡು ಹಾರುತ್ತಾನೆ! ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಕ್ರಿಸ್ತಪೂರ್ವ 450ರ ಸುಮಾರಿನ ಒಂದು ಜಾಡಿ ಇದೆ. ಅದರ ಮೇಲೆ ಮೆಡೂಸಾ ಹಾವೂ ಇಲ್ಲದೆ ಹಲ್ಲೂ ಇಲ್ಲದೆ ಯಾರದೋ ಮನೆಯ ಹುಡುಗಿಯ ಹಾಗೆ ಮಲಗಿದ್ದಾಳೆ. ಅವನು ಮುಖ ಆ ಕಡೆ ತಿರುಗಿಸಿಕೊಂಡು ಕತ್ತಿಗೆ ಕುಡುಗೋಲು ಇಟ್ಟಿದ್ದಾನೆ. ಫೋನಿನಲ್ಲಿ ತೆಗೆದು ತೋರಿಸಿದೆ. (ಷರತ್ತು ಮುರಿದದ್ದು ನಾನೇ.)

ಅವಳು ತುಂಬ ಹೊತ್ತು ನೋಡಿದಳು. "ಆಮೇಲೆ ತಲೆ ಏನಾಯ್ತು?"

"ಅಥೀನಾಗೆ ಕೊಡ್ತಾನೆ. ಅವಳು ತನ್ನ ಗುರಾಣಿ ಮೇಲೆ ಹಾಕ್ಕೋತಾಳೆ. ಶತ್ರುಗಳು ಹೆದರಲಿ ಅಂತ."

"ಶಾಪ ಕೊಟ್ಟವಳೇ ತಲೇನೂ ಇಟ್ಕೊಂಡಳಾ?"

ನಾನು ಹೂಂ ಅಂದೆ.

"ಓಡಿ ಹೋಗಿದ್ದು ಅವಳ ಹತ್ರ ಅಲ್ವಾ. ಹೆಂಗಸು, ಅರ್ಥ ಮಾಡ್ಕೋತಾಳೆ ಅಂತ." ಸ್ವಲ್ಪ ಹೊತ್ತು ಬಿಟ್ಟು, "ಮೇಡಂ ಥರಾ" ಅಂದಳು.

ಯಾವ ಮೇಡಂ ಅಂತ ನೆನಪಾಗಲು ನನಗೆ ಕ್ಷಣ ಹಿಡಿಯಿತು. ಅದನ್ನು ಬರೆಯಲಿಕ್ಕೇ ನಾಚಿಕೆಯಾಗುತ್ತದೆ.

2007. ನಮ್ಮ ಮದುವೆಯಾಗಿ ಎರಡು ವರ್ಷ. ಅವಳು ಕೆಲಸಕ್ಕಿದ್ದ ಕಡೆ ಮೇಲಿನ ಅಧಿಕಾರಿಯೊಬ್ಬನ ಕಾಟ ಶುರುವಾಯಿತು. ಯಾವ ಥರದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಮೂರು ತಿಂಗಳು ಸಹಿಸಿ, ಕಡೆಗೆ ಅಲ್ಲಿನ ಹಿರಿಯ ಅಧಿಕಾರಿ ಹೆಂಗಸೊಬ್ಬರ ಹತ್ತಿರ ಬರವಣಿಗೆಯಲ್ಲೇ ದೂರು ಕೊಟ್ಟಳು. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರಲ್ಲೇ ಬಂದಿತ್ತು. ಪ್ರತಿ ಕಚೇರಿಯಲ್ಲೂ ದೂರು ಸಮಿತಿ ಇರಬೇಕು, ಅದಕ್ಕೆ ಮಹಿಳೆಯೇ ಮುಖ್ಯಸ್ಥೆಯಾಗಿರಬೇಕು ಅಂತ ಅದರಲ್ಲಿತ್ತು. ಆ ಕಚೇರಿಯಲ್ಲಿ ಸಮಿತಿ ಇರಲಿಲ್ಲ, ಮೇಡಂ ಇದ್ದರು. ಅವರು ಎಲ್ಲ ಕೇಳಿಸಿಕೊಂಡು, ನೀನೂ ಸ್ವಲ್ಪ ಜಾಗ್ರತೆಯಾಗಿ ಇರಬೇಕಿತ್ತಮ್ಮಾ ಅಂದರು. ಹದಿನೈದು ದಿನಕ್ಕೆ ವರ್ಗಾವಣೆ ಆದೇಶ ಬಂತು. ಅವನಿಗಲ್ಲ, ಇವಳಿಗೆ. ಊರಾಚೆಯ ಶಾಖೆ, ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು. ಎಂಟು ತಿಂಗಳಿಗೆ ಕೆಲಸ ಬಿಟ್ಟಳು.

ಈಗ ನನ್ನ ಪಾತ್ರ. ಆದೇಶ ಬಂದ ದಿನ ಅವಳು ಅಳುತ್ತಾ ಹೇಳಿದಾಗ ನಾನು ಹೇಳಿದ್ದು, "ಒಳ್ಳೇದೇ ಆಯ್ತು ಬಿಡು, ಅವನ ಮುಖ ನೋಡೋದು ತಪ್ಪಿತಲ್ಲ". ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಪರಿಹಾರವನ್ನೇ ಸೂಚಿಸಿದ ಬುದ್ಧಿವಂತ ಅಂದುಕೊಂಡಿದ್ದೆ. ಮಾರನೇ ದಿನ ಬಸ್ಸಿನ ನಂಬರು ಹುಡುಕಿಕೊಟ್ಟೆ.

2013ರಲ್ಲಿ ಇದಕ್ಕೆಂದೇ ಕಾನೂನು ಬಂತು. ವಿಚಾರಣೆ ನಡೆಯುವಾಗ ದೂರು ಕೊಟ್ಟವಳನ್ನಾಗಲಿ ಆರೋಪಿಯನ್ನಾಗಲಿ ಬೇರೆ ಕಡೆಗೆ ಕಳಿಸಬಹುದು, ಆದರೆ ಅದು ಅವಳು ಬರೆದು ಕೇಳಿಕೊಂಡರೆ ಮಾತ್ರ ಅಂತ ಅದರಲ್ಲಿದೆ. ಅವಳು ಕೇಳಿದರೆ. ಎಷ್ಟು ಚಿಕ್ಕ ವ್ಯತ್ಯಾಸ ಅನ್ನಿಸಬಹುದು ನಿಮಗೆ. ಆದರೆ ಇರುವುದೆಲ್ಲ ಅಲ್ಲೇ.

ಸಿನಿಮಾಕ್ಕೆ ಬರೋಣ. ನನ್ನ ತಕರಾರು ಇದು. ಈ ಚಿತ್ರ ತನ್ನನ್ನು ತಾನು ದೇವರುಗಳ ವಿರುದ್ಧ ಮನುಷ್ಯರು ಎದ್ದು ನಿಂತ ಕಥೆ ಅಂತ ಕರೆದುಕೊಳ್ಳುತ್ತದೆ. ಪರ್ಸಿಯಸ್‌ಗೆ ದೇವರುಗಳೆಂದರೆ ಆಗದು, ಅವರು ಕೊಟ್ಟ ಕತ್ತಿಯನ್ನೂ ಮೊದಲು ಮುಟ್ಟುವುದಿಲ್ಲ. ಯಾಕೆ? ಹೇಡೀಸ್ ಅವನ ಸಾಕು ತಂದೆತಾಯಿಯನ್ನು ಕೊಂದ ಅಂತ. ನ್ಯಾಯವೇ. ಆದರೆ ಗಂಡನ ವೇಷ ಹಾಕಿ ತನ್ನ ಹೆತ್ತವಳನ್ನು ಮೋಸ ಮಾಡಿದ ಜ್ಯೂಸ್ ಕೊನೆಯಲ್ಲಿ ಮಗನೆದುರು ಮುಗುಳ್ನಗುತ್ತಾ ಬರುತ್ತಾನೆ, ನೀನೂ ದೇವರಾಗು ಬಾ ಅನ್ನುತ್ತಾನೆ. ಮಗ ಒಲ್ಲೆ ಅಂದಾಗ ಸತ್ತುಹೋಗಿದ್ದ ಅಯೋಳನ್ನು ಬದುಕಿಸಿ ಉಡುಗೊರೆ ಕೊಡುತ್ತಾನೆ. ಮಗ ಅದನ್ನು ತೆಗೆದುಕೊಳ್ಳುತ್ತಾನೆ. ಅಪ್ಪ ಮಗ ರಾಜಿ! ಮೋಸಹೋದವಳು ಮೊದಲ ದೃಶ್ಯದಲ್ಲೇ ಪೆಟ್ಟಿಗೆಯಲ್ಲಿ ಹೆಣ, ಗುಡಿಯಲ್ಲಿ ಕೆಟ್ಟವಳು ಚೀಲದಲ್ಲಿ ತಲೆ, ಮೂರನೆಯವಳು ಗಿಫ್ಟ್ ಪ್ಯಾಕು. ಪೊಸೈಡನ್ ಎಲ್ಲಿ? ಒಲಿಂಪಸ್ಸಿನ ಸಭೆಯಲ್ಲಿ ಅವನ ಕುರ್ಚಿ ಅವನಿಗೆ ಭದ್ರ. ನಮ್ಮ ಗೌತಮ ಮುನಿಯಾದರೂ ಇಂದ್ರನಿಗೂ ಒಂದು ಶಾಪ ಕೊಟ್ಟ. ವಾಲ್ಮೀಕಿ ಹೇಳುವ ಆ ಶಾಪ ಎಂಥದ್ದು ಅಂತ ಹಿರಿಯರನ್ನು ಕೇಳಿ, ಮಕ್ಕಳ ಮುಂದೆ ಬೇಡ.

ಹಳೆಯ ಕಥೆಯಲ್ಲಿ ಡಾನಯೆ ಸಾಯುವುದಿಲ್ಲ ಎನ್ನುವುದನ್ನು ನೆನಪಿಡಿ. ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡುತ್ತಾಳೆ. ಆ ದ್ವೀಪದ ರಾಜ ಪಾಲಿಡೆಕ್ಟಿಸ್ ಅವಳ ಮೇಲೆ ಕಣ್ಣು ಹಾಕುತ್ತಾನೆ. ಅಡ್ಡವಾಗಿರುವ ಮಗನನ್ನು ತೊಲಗಿಸಲೆಂದೇ ಮೆಡೂಸಾಳ ತಲೆ ತಾ ಅಂತ ಕಳಿಸುವುದು. ತಲೆ ತಂದವನು ಅದನ್ನು ತೋರಿಸಿ ಆ ರಾಜನನ್ನೇ ಕಲ್ಲು ಮಾಡಿ ತಾಯಿಯನ್ನು ಬಿಡಿಸಿಕೊಳ್ಳುತ್ತಾನೆ. ಮೆಡೂಸಾಳಿಗೆ ಸಿಗದ ನ್ಯಾಯ ಅವಳ ತಲೆಯಿಂದ ಇನ್ನೊಬ್ಬಳಿಗೆ ಸಿಗುತ್ತದೆ. ಅದಾದರೂ ಇತ್ತು ಅಲ್ಲಿ. ಇವರು ತಾಯಿಯನ್ನು ಟೈಟಲ್ ಕಾರ್ಡಿನ ಹೊತ್ತಿಗೇ ಕೊಂದು, ಚೇಳುಗಳ ಫೈಟಿಗೆ ಜಾಗ ಮಾಡಿಕೊಂಡರು.

"ಅಯ್ಯೋ ಮಾರಾಯ, ಮಸಾಲೆ ಸಿನಿಮಾ, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀಯ" ಅಂತ ನಿಮ್ಮಲ್ಲಿ ಕೆಲವರು ಕಮೆಂಟು ಹಾಕುತ್ತೀರಿ, ಗೊತ್ತು. ಆ ಕಥೆ ಅವರಿಗೆ ಗೊತ್ತೇ ಇರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮೆಡೂಸಾಳನ್ನು ಬರೀ ಭೂತ ಮಾಡಲು ಅಡ್ಡಿಯಿರಲಿಲ್ಲ. ಕ್ರಿಸ್ತಪೂರ್ವ 700ರ ಸುಮಾರಿನ ಹೆಸಿಯಡ್‌ನಲ್ಲಿ ಗುಡಿಯೂ ಇಲ್ಲ, ಶಾಪವೂ ಇಲ್ಲ. ಗುಡಿಯಲ್ಲಿ ನಡೆದದ್ದನ್ನೂ ಅದಕ್ಕೆ ಕೊಟ್ಟ ಶಾಪವನ್ನೂ ಹೇಳುವವನು ಅವನಿಗಿಂತ ಏಳುನೂರು ವರ್ಷ ಆಮೇಲಿನ ರೋಮನ್ ಕವಿ ಓವಿಡ್. ಅದನ್ನು ಅವನು ಹೇಳಿಸುವುದು ಯಾರ ಬಾಯಲ್ಲಿ ಗೊತ್ತೇ? ಪರ್ಸಿಯಸ್‌ನದೇ ಬಾಯಲ್ಲಿ, ಅವನ ಮದುವೆ ಊಟದಲ್ಲಿ! ನೆಂಟನೊಬ್ಬ, ಅವಳೊಬ್ಬಳಿಗೇ ಯಾಕೆ ಹಾವಿನ ಕೂದಲು ಅಂತ ಕೇಳುತ್ತಾನೆ. ಮದುಮಗ ಕುತೂಹಲದ ಸಂಗತಿ ಅನ್ನುವ ಹಾಗೆ ಹೇಳಿ ಮುಗಿಸುತ್ತಾನೆ. ಓದಿದವರಿಗೆ ಮೈ ಜುಂ ಅನ್ನುವುದೇ ಅಲ್ಲಿ. ಕೊಂದವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಊಟ ಸಾಗುತ್ತದೆ.

ಸಿನಿಮಾದವರಿಗೂ ಗೊತ್ತಿತ್ತು. ಒಂದು ನಿಮಿಷ ಕೊಟ್ಟು ಕೈ ತೊಳೆದುಕೊಂಡರು. ಆ ಒಂದು ನಿಮಿಷವನ್ನು ನಾಯಕ ಕೇಳಿಸಿಕೊಂಡ ಮೇಲೆ ಅವನ ಕೈ ಒಂದು ಸಲ ನಡುಗಬೇಡವೇ? ಕೊಲ್ಲಲೇಬೇಕಿತ್ತು ಅನ್ನಿ, ಊರು ಉಳಿಸಬೇಕಿತ್ತು. ಕೊಂದ ಮೇಲಾದರೂ? ಪ್ರಪಂಚದಾದ್ಯಂತ ಸುಮಾರು 49 ಕೋಟಿ ಡಾಲರ್ ಗಳಿಸಿದ ಚಿತ್ರಕ್ಕೆ ಹತ್ತು ಸೆಕೆಂಡಿನ ಮೌನ ಭಾರವಾಗುತ್ತಿತ್ತೇ? ಅದರ ಬದಲು 'ಅವತಾರ್' ಗೆದ್ದದ್ದು ನೋಡಿ ಕೊನೇ ಗಳಿಗೆಯಲ್ಲಿ ತರಾತುರಿಯಿಂದ ತ್ರೀಡಿ ಬಳಿದರು. ಎಲ್ಲರೂ ಬೈದದ್ದು ಅದಕ್ಕೆ, ಇದಕ್ಕಲ್ಲ.

ಇದನ್ನೇ ತಿರುಗಿಸಿ ಮಾಡಿದವರೂ ಇದ್ದಾರೆ. ಫ್ಲಾರೆನ್ಸಿನ ಚೌಕದಲ್ಲಿ ಚೆಲ್ಲೀನಿ 16ನೇ ಶತಮಾನದಲ್ಲಿ ಎರಕ ಹೊಯ್ದ ಕಂಚಿನ ಪರ್ಸಿಯಸ್, ಮೆಡೂಸಾಳ ತಲೆ ಎತ್ತಿ ಹಿಡಿದು ನಿಂತಿದ್ದಾನೆ. ಅರ್ಜೆಂಟೀನಾದ ಶಿಲ್ಪಿ ಲೂಸಿಯಾನೊ ಗರ್ಬಾತಿ 2008ರಲ್ಲಿ ಅದನ್ನು ಉಲ್ಟಾ ಮಾಡಿದ. ಮೆಡೂಸಾ ಕತ್ತಿ ಹಿಡಿದು ನಿಂತಿದ್ದಾಳೆ, ಇನ್ನೊಂದು ಕೈಯಲ್ಲಿ ಪರ್ಸಿಯಸ್‌ನ ತಲೆ. 2020ರ ಅಕ್ಟೋಬರಿನಲ್ಲಿ ಅದನ್ನು ನ್ಯೂಯಾರ್ಕಿನ ಕ್ರಿಮಿನಲ್ ಕೋರ್ಟಿನ ಎದುರಿನ ಪಾರ್ಕಿನಲ್ಲಿ ಕೆಲವು ತಿಂಗಳು ನಿಲ್ಲಿಸಿದ್ದರು. ಇದನ್ನೂ ತೋರಿಸಿದೆ, ಖುಷಿಪಡುತ್ತಾಳೆ ಅಂತ.

"ಇವನ ತಲೆ ಯಾಕೆ? ಆ ಸಮುದ್ರದವನದು ಎಲ್ಲಿ?" ಅಂದಳು.

ಆ ವಿಗ್ರಹ ನಿಂತಾಗ ಅಲ್ಲಿನ ಹೆಂಗಸರು ಹಲವರು ಕೇಳಿದ ಪ್ರಶ್ನೆಯೂ ಇದೇ. ನಾನು ಮಾತ್ರ ಅವಳು ಕೇಳುವ ತನಕ ಯೋಚಿಸಿರಲಿಲ್ಲ.

ಅಷ್ಟು ಹೊತ್ತೂ ಟೀವಿಯಲ್ಲಿ ಸ್ಯಾಮ್ ವರ್ದಿಂಗ್ಟನ್ ಕತ್ತಿ ಎತ್ತಿಕೊಂಡು ಹಾಗೇ ನಿಂತಿದ್ದ, ಪಾಪ. "ಆ ಅರ್ಜಿಯ ಕಾರ್ಬನ್ ಕಾಪಿ ಇದೆ, ಬೀರುವಿನಲ್ಲಿ, ಮದುವೆ ಆಲ್ಬಂ ಅಡಿಗೆ" ಅಂದಳು. ಆ ಬೀರುವನ್ನು ನಾನು ದಿನಕ್ಕೆರಡು ಸಲ ತೆಗೆಯುತ್ತೇನೆ. ಓದಲಾ ಅಂತ ಕೇಳಿದೆ. "ಈಗ ಬೇಡ, ಇದನ್ನ ಮುಗಿಸಿ" ಅಂದಳು. ಮುಗಿಸಿದೆವು. ಕ್ರಾಕೆನ್ ಕಲ್ಲಾಗಿ ಪುಡಿಪುಡಿಯಾಗಿ ಬಿತ್ತು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ನಾನು ಸೋಫಾ ಮೇಲಿನ ಮಂಡಕ್ಕಿ ಆರಿಸಿದೆ.

ಭಾನುವಾರ ಮಧ್ಯಾಹ್ನ ಆ ಕಾಗದ ಟೇಬಲ್ಲಿನ ಮೇಲಿತ್ತು. ಒಂದೂವರೆ ಪುಟ. ದಿನಾಂಕ, ಹೊತ್ತು, ಅವನು ಆಡಿದ ಮಾತು ಎಲ್ಲ ಕ್ರಮವಾಗಿ. ಆಗ ಅವಳು ನನಗೆ ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿತ್ತು ಅದರಲ್ಲಿ. ನಾನು ಪೂರ್ತಿ ಕೇಳಲೇ ಇಲ್ಲವೇನೋ ಆಗ.

ಇದನ್ನು ಹಾಕುವ ಮೊದಲು ಅವಳಿಗೆ ಓದಲು ಕೊಟ್ಟೆ. ಎರಡು ಕಡೆ ಕಾಗುಣಿತ ತಿದ್ದಿದಳು, ಒಂದು ಸಾಲು ತೆಗೆಸಿದಳು. ಈ ಶನಿವಾರ ಅವಳ ಸರದಿ.